ಸೈಲೆನ್ಸರಿಗೆ ಹಚ್ಚಿದ ಕುಂಕುಮ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ತವರಿನವರೂ ಹೇಳುತ್ತಾರೆ, ಗಂಡನ ಮನೆಯವರೂ ಹೇಳುತ್ತಾರೆ. ಎರಡೂ ಕಡೆಯವರು ಜಗಳವಿಲ್ಲದೆ ಒಪ್ಪಿಕೊಂಡ ವಿಷಯ ಇದೊಂದೇ. ಚಿಕ್ಕಂದಿನಲ್ಲಿ ಅಕ್ಕನ ಲಂಗದ ಮೇಲೆ, ಆಮೇಲೆ ಓರಗಿತ್ತಿಯ ಅಡುಗೆಯ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಆದರೆ ಒಂದು ಕಾರಿನ ಸೈಲೆನ್ಸರಿನ ದೆಸೆಯಿಂದ ಊಟ ಸೇರದಂತಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮದು ಹಳೆಯ ಸಣ್ಣ ಕಾರು. ಈ ಮರಾಠಿ ಶಹರದಲ್ಲಿ, ಮಗರಪಟ್ಟಾದ ಎತ್ತರದ ಕಟ್ಟಡಗಳು ಕಾಣುವಷ್ಟು ಹತ್ತಿರ, ಆದರೆ ಅದರ ಠೀವಿ ಸ್ವಲ್ಪವೂ ತಾಗದ ಒಂದು ಹಳೆಯ ಸೊಸೈಟಿಯಲ್ಲಿ ನಮ್ಮ ಮನೆ. ಇಬ್ಬರೂ ಶಿವಾಜಿನಗರಕ್ಕೆ ಕೆಲಸಕ್ಕೆ ಹೋಗುವವರು. ನಮ್ಮ ಮನೆಯವರು ವಿಮೆಯ ಕಚೇರಿಗೆ, ನಾನು ಒಂದು ಕಾಲೇಜಿನ ಆಫೀಸಿಗೆ. ಬೆಳಿಗ್ಗೆ ಒಂದೇ ಕಾರಿನಲ್ಲಿ ಹೋಗಿ ಸಂಜೆ ಒಂದೇ ಕಾರಿನಲ್ಲಿ ಬರುತ್ತೇವೆ. ದಾರಿಯುದ್ದಕ್ಕೂ ಮಾತನಾಡುವವಳು ನಾನೊಬ್ಬಳೇ. ಅವರು ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎಂದು ಹೆದರಿದವರ ಹಾಗೆ ಸುಮ್ಮನೆ ಗಾಡಿ ಓಡಿಸುತ್ತಾರೆ. ನಡುವೆ ಒಂದು "ಹೂಂ" ಬರುತ್ತದೆ. ಅದು ನನ್ನ ಮಾತಿಗೋ ಮುಂದಿನ ಸಿಗ್ನಲ್ಲಿಗೋ ತಿಳಿಯುವುದಿಲ್ಲ. ಮಗಳು ಮದುವೆಯಾಗಿ ನಾಶಿಕಕ್ಕೆ ಹೋದ ಮೇಲಂತೂ ಮನೆಯಲ್ಲಿ ನನ್ನ ದನಿಯೊಂದೇ ಕೇಳಿಸಿ ನನಗೇ ಬೇಸರ ಬರುತ್ತಿತ್ತು. ಆದರೂ ಒಪ್ಪಿಕೊಂಡಿದ್ದೆ. ಈ ಮನುಷ್ಯ ಮಾತಿನವನಲ್ಲ, ಕೆಟ್ಟವನೂ ಅಲ್ಲ. ಪಕ್ಕದ ಸೀಟು ನನ್ನದು, ಅಷ್ಟು ಸಾಕು ಅಂದುಕೊಂಡಿದ್ದೆ.

ಬೆಳಗಾವಿಗೆ ಹೋಗುವಾಗ ಒಮ್ಮೆ ಖಂಬಾಟಕಿ ಘಾಟಿನ ಏರಿನಲ್ಲಿ ನಮ್ಮ ಕಾರು ಏದುಸಿರು ಬಿಟ್ಟಿತು. ಉಳ್ಳಾಗಡ್ಡಿ ತುಂಬಿದ ಲಾರಿಯೊಂದು ಹಾರ್ನ್ ಹೊಡೆದುಕೊಂಡು ನಮ್ಮನ್ನು ದಾಟಿ ಹೋಯಿತು. ಅವರ ಮುಖ ಆಗಲೇ ಸಣ್ಣದಾಗಿತ್ತು. ಊರಿಂದ ವಾಪಸು ಬರುವ ಹೊತ್ತಿಗೆ ಹಿಂದಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿ, ಸೊಸೈಟಿಯ ಗೇಟಿನಲ್ಲಿ ಕಾರು ಗೊರಕೆ ಹೊಡೆಯುತ್ತ ಒಳಗೆ ಬಂತು.

ಪಾರ್ಕಿಂಗಿನಲ್ಲಿ ಆ ಹುಡುಗಿ ನಿಂತಿದ್ದಳು. ಹುಡುಗಿ ಎಂದರೆ ಮೂವತ್ತು ದಾಟಿದವಳು. ಹಾಸನದ ಕಡೆಯವಳು, ನಮ್ಮ ಕೆಳಗಿನ ಮಹಡಿಗೆ ಬಾಡಿಗೆಗೆ ಬಂದು ವರ್ಷವಾಗಿರಲಿಲ್ಲ, ಮಗರಪಟ್ಟಾದ ಐಟಿ ಕಂಪನಿಯೊಂದರಲ್ಲಿ ಕೆಲಸ. ಬಿದಿರಿನ ಹಾಗೆ ಎತ್ತರ. ಕಾರು ನಿಲ್ಲುವುದೇ ತಡ, ಮೊಣಕಾಲೂರಿ ಅದರ ಕೆಳಗೆ ಬಗ್ಗಿ ನೋಡಿದಳು.

"ಅಂಕಲ್, ಸೈಲೆನ್ಸರ್ ಹೋಗಿದೆ. ಹೇಗಿದ್ರೂ ಹೊಸದು ಹಾಕ್ಸಬೇಕಲ್ಲ, ಒಳ್ಳೇದೇ ಹಾಕ್ಸಿ. ಹಿಂದಿನ ಪೈಪ್ ಸ್ವಲ್ಪ ದಪ್ಪ ಮಾಡ್ಸಿದ್ರೆ ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ, ಎಂಜಿನ್ ಉಸಿರಾಡುತ್ತೆ. ಪಿಕಪ್ ಚೆನ್ನಾಗಿ ಬರುತ್ತೆ."

"ಘಾಟ್ ಏರಸ್ತದೇನು?" ಎಂದರು ನಮ್ಮ ಮನೆಯವರು.

ನಾನು ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತಲ್ಲೇ ನಿಂತೆ. ಅವರ ಕಣ್ಣು ಹೊಳೆಯುತ್ತಿತ್ತು. ನಾನು ಹೊಸ ಸೀರೆ ಉಟ್ಟಾಗಲೂ ಆ ಹೊಳಪು ಕಂಡದ್ದಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಇಬ್ಬರೂ ಭೋಸರಿಗೆ ಹೊರಟರು. ಕಾರ್ಖಾನೆಗಳ ನಡುವೆ ಪೈಪು ಬಗ್ಗಿಸಿ ವೆಲ್ಡಿಂಗ್ ಮಾಡುವ ಶೆಡ್ಡೊಂದು ಆಕೆಗೆ ಗೊತ್ತಿತ್ತಂತೆ. ತನ್ನ ಕಾರಿಗೂ ಅಲ್ಲೇ ಮಾಡಿಸಿದ್ದಳಂತೆ. ಒಂದು ವಾರ ಅಳತೆ, ಮತ್ತೊಂದು ವಾರ ಪೈಪು. ಬಹಳ ದಪ್ಪವಾದರೆ ನಿಧಾನಕ್ಕೆ ಓಡಿಸುವಾಗ ಎಳೆತ ಕಡಿಮೆಯಾಗುತ್ತದಂತೆ, ಅದಕ್ಕೇ ಮತ್ತೆ ಬದಲಾಯಿಸಬೇಕಂತೆ. ಇದೆಲ್ಲ ಅವರು ಹೇಳಿದ್ದಲ್ಲ. ಮೆಟ್ಟಿಲ ಮೇಲೆ ಆ ಹುಡುಗಿ ಹೇಳುತ್ತಿದ್ದುದನ್ನು ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡದ್ದು.

ವಾಪಸು ಬಂದ ಮೇಲೂ ಮೇಲಕ್ಕೆ ಬರುತ್ತಿರಲಿಲ್ಲ. ಬಾನೆಟ್ ತೆರೆದು ಅದರ ಮುಂದೆ ಇಬ್ಬರೂ. ಅಡುಗೆಮನೆಯ ಕಿಟಕಿಯಿಂದ ತಲೆಗಳು ಕಾಣುತ್ತಿದ್ದವು, ಆಡುವ ಕೈಗಳು ಕಾಣುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಅರ್ಧ ಗಂಟೆಗಟ್ಟಲೆ ಏನು ಮಾತಾಡುತ್ತಾರೆ? ಮನೆಯಲ್ಲಿ ಉಪ್ಪು ಬೇಕಾದರೂ ಕೈ ಚಾಚಿ ತೋರಿಸುವ ಮನುಷ್ಯ! ಪಲ್ಯ ತಳ ಹಿಡಿದದ್ದು ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಹಾಗೇ ಬಡಿಸಿದೆ.

ಅವರಿಬ್ಬರ ನಡುವೆ ಇನ್ನೇನೋ ಇದೆ ಎಂದು ನಾನು ಅಂದುಕೊಳ್ಳಲಿಲ್ಲ. ಅಷ್ಟು ದಡ್ಡಿ ನಾನಲ್ಲ. ಮಗಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಿರಬೇಕು ಆಕೆ. ಇನ್ನೇನೋ ಇದ್ದಿದ್ದರೆ ಬೈಯುವುದಕ್ಕಾದರೂ ಬರುತ್ತಿತ್ತು. ಇಲ್ಲಿ ಬೈಯಲು ಏನೂ ಇರಲಿಲ್ಲ, ಅದೇ ಮೈಯೆಲ್ಲ ಉರಿಸುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಕೂತರೆ ನನ್ನ ಕಾಲು ಎಲ್ಲಿಗೂ ಮುಟ್ಟಲಿಲ್ಲ. ಆ ಎತ್ತರದ ಹುಡುಗಿ ಸೀಟನ್ನು ಹಿಂದಕ್ಕೆ ಸರಿಸಿಕೊಂಡಿದ್ದಳು. ಸೀಟಿನ ಕೆಳಗಿನ ಹಿಡಿಕೆಯನ್ನು ನಾನು ಯಾವತ್ತೂ ಮುಟ್ಟಿದವಳಲ್ಲ, ಮುಟ್ಟುವ ಕಾರಣವೇ ಬಂದಿರಲಿಲ್ಲ. ಅದನ್ನು ಹುಡುಕಿ ಎಳೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

"ಏನಾತು?" ಎಂದರು.

"ಧೂಳ ಬಿತ್ತು," ಅಂದೆ. ಅವರು ನಂಬಿದರು. ನಂಬಿದ್ದಕ್ಕೂ ಸಿಟ್ಟು ಬಂತು.

ನವರಾತ್ರಿಯ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಸ್ಟೀಲಿನ ಸೈಲೆನ್ಸರ್ ಬೆಳ್ಳಿ ಚೊಂಬಿನ ಹಾಗೆ ಫಳಫಳ ಅನ್ನುತ್ತಿತ್ತು. ಸದ್ದು ಜೋರಲ್ಲ, ಪೊಲೀಸರು ಹಿಡಿಯದಷ್ಟೇ, ಗಂಟಲು ಸರಿಪಡಿಸಿಕೊಂಡ ಗಂಡಸಿನ ದನಿಯಷ್ಟು. ಎದುರು ಮನೆಯ ಮರಾಠಿ ಹೆಂಗಸು ಮೆಟ್ಟಿಲ ಮೇಲೆ ನಿಲ್ಲಿಸಿ, "ಕಾಯ್ ವಹಿನಿ, ಸಾಹೇಬ್ ತರುಣ್ ಝಾಲೇ!" ಎಂದಳು. ಸಾಹೇಬರಿಗೆ ಹರೆಯ ಬಂತಲ್ಲ ಎಂದು ಚೇಷ್ಟೆ. ನಾನೂ ನಕ್ಕೆ. ನಕ್ಕು ಒಳಗೆ ಬಂದು ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿದೆ.

ಖಂಡೇನವಮಿಯ ಬೆಳಿಗ್ಗೆ ಗಾಡಿಯ ಪೂಜೆ ನನ್ನದು. ನಮ್ಮ ಧಾರವಾಡದ ತವರಿನಲ್ಲಿ ಹೊಲಿಗೆ ಯಂತ್ರದಿಂದ ಹಿಡಿದು ಈಳಿಗೆ ಮಣೆಯವರೆಗೆ ಎಲ್ಲಕ್ಕೂ ಅಂದು ಪೂಜೆ. ಒಣ ಕುಂಕುಮ ಉದುರಿಹೋಗುತ್ತದೆಂದು ಅವ್ವ ಶೇಂಗಾ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದಳು. ನಾನೂ ಹಾಗೇ ಮಾಡುತ್ತ ಬಂದವಳು. ಕಾರಿಗೆ ಚೆಂಡು ಹೂವಿನ ಮಾಲೆ ಕಟ್ಟಿದೆ, ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದೆ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಆಮೇಲೆ ಹಿಂದಕ್ಕೆ ಹೋದೆ. ಮೊದಲೆಂದೂ ಯಾರೂ ಸೈಲೆನ್ಸರಿಗೆ ಪೂಜೆ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಆ ಹುಡುಗಿ ಆರಿಸಿದ ವಸ್ತು ನನ್ನ ಮನೆಯ ಗಾಡಿಗೆ ಅಂಟಿಕೊಂಡು ಹೊಳೆಯುತ್ತಿತ್ತಲ್ಲ! ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕುರುಗಾಲಲ್ಲಿ ಕೂತು, ಮೂರು ಬೆರಳಿನಲ್ಲಿ ದಪ್ಪಗೆ ಅದ್ದಿ ಅದರ ಮೈತುಂಬ, ಬಾಯಿಯ ಸುತ್ತಲೂ ಕುಂಕುಮ ಎಳೆದೆ. ಭಕ್ತಿಯಿಂದ ಅಲ್ಲ. ಇದು ನಮ್ಮದು ಎಂದು ಗುರುತು ಹಾಕಿದ್ದು.

ಭೋಸರಿಯ ಶೆಡ್ಡಿನಲ್ಲೂ ಅಂದು ಪೂಜೆ. ಪೇಢೆ ಕೊಟ್ಟು ಬರುತ್ತೇವೆಂದು ಅವರು ಆ ಹುಡುಗಿಯನ್ನು ಕೂರಿಸಿಕೊಂಡು ಹೊರಟರು. ನಾನು ಹೋಳಿಗೆಗೆ ಹೂರಣ ರುಬ್ಬಿದೆ. ರುಬ್ಬಿದ್ದು ನುಣ್ಣಗಾದ ಮೇಲೂ ರುಬ್ಬುತ್ತಲೇ ಇದ್ದೆ.

ಮಧ್ಯಾಹ್ನ ಅವರು ವಾಪಸು ಬಂದು ಉಂಡು ಮಲಗಿದ ಮೇಲೆ ಬಾಗಿಲು ಬಡಿದದ್ದು ಆ ಹುಡುಗಿ, ಒಬ್ಬಳೇ. ಕೈಯಲ್ಲಿ ಪಾಲಿಶ್ ಡಬ್ಬಿ, ಹಳೆಯ ಬನಿಯನ್ ಬಟ್ಟೆ.

"ಆಂಟಿ, ಕುಂಕುಮ ಎಣ್ಣೇಲಿ ಕಲಸಿದ್ರಾ? ಬಿಸಿಗೆ ಎಣ್ಣೆ ಸುಟ್ಟು ಕೂತುಬಿಟ್ಟಿದೆ. ಒರೆಸಿದ್ರೆ ಹೋಗ್ತಿಲ್ಲ. ಅಂಕಲ್ ನಿಮ್ಮನ್ನ ಕೇಳ್ದೆ ಮುಟ್ಟಬೇಡ ಅಂದ್ರು. ಉಜ್ಜಿ ತೆಗೀಲಾ?"

ಹಂಚಿಗೆ ಎಣ್ಣೆ ಸವರಿ ಕಾಯಿಸಿದರೆ ಕರಿ ಕೂರುವುದು ನನಗೆ ಗೊತ್ತಿಲ್ಲವೇ? ದಿನಾ ರೊಟ್ಟಿ ಬಡಿಯುವವಳು ನಾನು. ಆದರೆ ಸೈಲೆನ್ಸರ್ ಕೂಡ ಹಂಚಿನಷ್ಟು ಕಾಯುತ್ತದೆಂದು ಹೊಳೆದಿರಲಿಲ್ಲ. ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ದೇವರ ಕುಂಕುಮ, ಇರಲಿ ಬಿಡವಾ," ಅಂದೆ. ಹಬ್ಬದ ದಿನ ಬಾಗಿಲಿಗೆ ಬಂದವಳನ್ನು ಹಾಗೇ ಕಳಿಸಲು ಬರುವುದಿಲ್ಲ. ಕೂರಿಸಿ ಹೋಳಿಗೆ ಬಡಿಸಿದೆ. ತುಪ್ಪ ಬೆರಳಿಗೆ ಹತ್ತಿದ್ದನ್ನೂ ನೆಕ್ಕಿ ತಿಂದಳು. ತಿನ್ನುವವಳ ಮೇಲೆ ಸಿಟ್ಟು ಹಿಡಿದಿಡುವುದು ಕಷ್ಟ. ಆದರೂ ಬಿಡದೆ ಕೇಳಿದೆ: "ನಮ್ಮವರು ನಿನ್ನ ಮುಂದ ಭಾಳ ಮಾತಾಡ್ತಾರಲ್ಲಾ?"

ಆಕೆ ನಕ್ಕುಬಿಟ್ಟಳು. "ಅಂಕಲ್ ಎಲ್ಲಿ ಮಾತಾಡ್ತಾರೆ ಆಂಟಿ! ಮಾತೆಲ್ಲ ನಂದೇ. ಪೈಪ್ ವಿಷಯ ಎರಡು ನಿಮಿಷ, ಆಮೇಲೆ ನನ್ನ ಪುರಾಣ. ಆಫೀಸಿಂದು, ಮನೇಲಿ ಮದುವೆ ಮದುವೆ ಅಂತ ತಲೆ ತಿನ್ನೋದು, ಎಲ್ಲಾ. ಅವರು ಸುಮ್ನೆ ಕೇಳ್ತಾರೆ. ನಡುವೆ ಫೋನ್ ಬಂದ್ರೂ ತೆಗೆಯಲ್ಲ. ಹೋದ ವಾರ ಹೇಳಿದ್ದನ್ನ ಈ ವಾರ ನೆನಪಿಟ್ಟು ಕೇಳ್ತಾರೆ, 'ಆಮ್ಯಾಲೆ ಏನಾತು' ಅಂತ. ನಮ್ಮಪ್ಪನೂ ಹಾಗೆ ಕೇಳಿಲ್ಲ ನನ್ನ ಮಾತು. ಲಕ್ಕಿ ಆಂಟಿ ನೀವು."

ಆ ಆಡುವ ಕೈಗಳು ಆಕೆಯವು ಮಾತ್ರ ಎಂದು ಆಗ ತಿಳಿಯಿತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ನನ್ನ ಗಂಡನಿಗೆ ಮಾತು ಬರುವುದಿಲ್ಲ ಎಂದು ತಿಳಿದು ಸುಮ್ಮನಿದ್ದೆ. ಬಾರದ ವಿದ್ಯೆಗೆ ಯಾರನ್ನು ಬೈಯುವುದು? ಆದರೆ ಇವರಿಗೆ ಕೇಳುವುದು ಬರುತ್ತದೆ! ಚೆನ್ನಾಗಿಯೇ ಬರುತ್ತದೆ! ಕಾಲೇಜಿನ ಆಫೀಸಿನಲ್ಲಿ ನನ್ನ ಮೇಜನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ್ದನ್ನು, ಮಗಳು ಫೋನಿನಲ್ಲಿ ಅತ್ತದ್ದನ್ನು, ನನಗೆ ಈಚೆಗೆ ನಿದ್ದೆ ಬಾರದ್ದನ್ನು ನಾನು ಮನೆಯಿಂದ ಶಿವಾಜಿನಗರದವರೆಗೆ ಹೇಳಿದ್ದೆ. ಒಮ್ಮೆಯೂ "ಆಮ್ಯಾಲೆ ಏನಾತು" ಎಂದು ಬಂದಿರಲಿಲ್ಲ. ಆ ಹುಡುಗಿ ಹೋದ ಮೇಲೆ ಹೋಳಿಗೆಯ ತಟ್ಟೆ ತೊಳೆಯುತ್ತ ನಾನು ಜೋರಾಗಿ ಅತ್ತೆ. ನಲ್ಲಿ ಬಿಟ್ಟುಕೊಂಡು ಅತ್ತೆ, ಒಳಗೆ ಮಲಗಿದ್ದವರಿಗೆ ಕೇಳಿಸದಿರಲಿ ಎಂದು.

ಮರುದಿನ ದಸರೆ. ಸಂಜೆ ಚಿಂಚವಾಡದ ಬಳಗದವರಿಗೆ ಬನ್ನಿ ಕೊಡಲು ಇಬ್ಬರೇ ಹೊರಟೆವು. ಕಾರು ನಿಜಕ್ಕೂ ಹಗುರಾಗಿ ಓಡುತ್ತಿತ್ತು. ಪ್ರತಿ ಫ್ಲೈಓವರಿನ ಏರಿನಲ್ಲೂ ಅವರು ಕಿವಿ ಸ್ವಲ್ಪ ಓರೆ ಮಾಡಿ ಆ ಸದ್ದನ್ನು ಆಲಿಸುತ್ತಿದ್ದರು. ಒಂದು ಕಬ್ಬಿಣದ ಪೈಪಿಗೂ ಇವರು ಕಿವಿ ಕೊಡುತ್ತಾರೆ! ನನಗೆ ತಡೆಯಲಾಗಲಿಲ್ಲ.

"ಗಾಡಿ ನಿಂದರಸ್ರಿ," ಅಂದೆ.

ಮುಚ್ಚಿದ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. "ಯಾಕ? ಬ್ಯಾರೆ ಸೌಂಡ್ ಬರ್ಲಿಕತ್ತದೇನು?"

"ಬಂದ್ ಮಾಡ್ರಿ ಅದನ್ನ."

ಎಂಜಿನ್ ಆರಿಸಿದರು. ರಸ್ತೆಯಲ್ಲಿ ಜನ ಬನ್ನಿ ಎಲೆ ಹಿಡಿದು ನಗುತ್ತ ಹೋಗುತ್ತಿದ್ದರು. ನಿನ್ನೆಯಿಂದ ಎಷ್ಟೋ ಮಾತು ಜೋಡಿಸಿ ಇಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಆ ಹುಡುಗಿ ಮುಂದ ಕೂಡೋಹಂಗ ನನ್ನ ಮುಂದನೂ ಒಮ್ಮೆ ಕೂಡ್ರಿ," ಅಂದೆ.

"ಆಕಿ ಮುಂದ ಹ್ಯಾಂಗ ಕೂಡ್ತೀನಿ ನಾ?" ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಕೇಳ್ಕೋತ."

ಅವರು ಸ್ಟೇರಿಂಗ್ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಚಿಂಚವಾಡದಿಂದ ಫೋನು ಬಂತು, ಬಡಿದುಕೊಂಡು ತಾನಾಗಿಯೇ ನಿಂತಿತು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೂತು ಕೇಳಿದರು: "ಯಾವಾಗಿಂದ ಹಂಗ ಅನಸ್ಲಿಕತ್ತದ ನಿನಗ?"

"ಲಗ್ನ ಆದಾಗಿಂದ," ಅಂದೆ.