ಗುಡಿಯ ಕಲ್ಲು ಮುಟ್ಟದ ದಿನ

ಆ ಇಪ್ಪತ್ತೊಂದು ಕಿಲೋಮೀಟರನ್ನು ನಾನು ಓಡಿ ಮುಗಿಸಿದ್ದು ನಿಜ. ಕೊರಳಿಗೆ ಪದಕ ಹಾಕಿದರು, ಫೋಟೋ ತೆಗೆದರು. ಆ ಪದಕ ಈಗ ಬೀರುವಿನಲ್ಲಿ ಹಳೆಯ ಸ್ವೆಟರುಗಳ ಕೆಳಗೆ ಬಿದ್ದಿದೆ. ಗೋಡೆಗೆ ತೂಗುಹಾಕೋಣ ಎಂದು ಹೆಂಡತಿ ಎರಡು ಸಲ ಮೊಳೆ ತಂದಳು. ಎರಡು ಸಲವೂ ಏನೋ ನೆಪ ಹೇಳಿ ತಪ್ಪಿಸಿದೆ. ಅದನ್ನು ನೋಡಿದರೆ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಇಲ್ಲಿ ಹೇಳುತ್ತೇನೆ.

ನಲವತ್ತಮೂರನೆಯ ವಯಸ್ಸಿಗೆ ಓಟ ಹಿಡಿದವನು ನಾನು. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಬಸ್ಸಿನಲ್ಲಿ ಕೂತು ಹೋಗುವುದು, ಕುರ್ಚಿಯಲ್ಲಿ ಕೂರುವುದು, ಮತ್ತೆ ಬಸ್ಸಿನಲ್ಲಿ ಕೂತು ಬರುವುದು. ಡಾಕ್ಟರು ರಕ್ತದ ರಿಪೋರ್ಟು ನೋಡಿ ದಿನಾ ನಡೆಯಿರಿ ಅಂದರು. ನಾನು ಓಡತೊಡಗಿದೆ. ನನ್ನ ಸ್ವಭಾವವೇ ಹಾಗೆ, ಹಿಡಿದರೆ ಅತಿ. ಫೋನಿಗೊಂದು ಆ್ಯಪ್ ಹಾಕಿಕೊಂಡೆ. ಎಷ್ಟು ದಿನ ಸತತವಾಗಿ ಓಡಿದ್ದೇವೆಂದು ಅದು ಎಣಿಸುತ್ತದೆ. ಒಂದು ದಿನ ತಪ್ಪಿದರೆ ಮತ್ತೆ ಸೊನ್ನೆ. ಗೈರುಹಾಜರಿಗೆ ನಮ್ಮ ಕಡೆ ಖಾಡಾ ಅನ್ನುತ್ತಾರೆ. ಖಾಡಾ ಇಲ್ಲದೆ ನೂರು ದಿನ ಓಡಿದೆ, ಇನ್ನೂರು ದಾಟಿತು. ಜ್ವರ ಬಂದಾಗ ಮಾಳಿಗೆಯ ಮೇಲೆ ಸುತ್ತು ಹೊಡೆದೆ. ನಾದಿನಿಯ ಮದುವೆಯ ದಿನ ಅಕ್ಷತೆಯ ಹೊತ್ತಿಗೆ ನಾನು ಮಂಟಪದ ಹಿಂದಿನ ಬಯಲಿನಲ್ಲಿ ಓಡುತ್ತಿದ್ದೆ.

“ಆ ಫೋನಿಗೂ ಒಂದು ತಾಟ ಹಾಕ್ತೀನಿ, ಬಾಜೂಕ ಕುಂಡ್ರಿಸ್ಕೊಂಡು ಊಟ ಮಾಡ್ರಿ,” ಎಂದು ಹೆಂಡತಿ ಛೇಡಿಸುತ್ತಿದ್ದಳು.

ನಾನು ಓಡುತ್ತಿದ್ದುದು ನಾರಾಯಣಪುರದ ರಸ್ತೆಯಲ್ಲಿ. ಅಲ್ಲಿಯ ಹಳೆಯ ಶಿವನ ಗುಡಿ ನಮ್ಮ ಮನೆಯಿಂದ ಸುಮಾರು ಐದು ಕಿಲೋಮೀಟರ್. ಗುಡಿಯ ಮೆಟ್ಟಿಲಿನ ಕಲ್ಲನ್ನು ಕೈಯಿಂದ ಮುಟ್ಟಿ ಹಿಂತಿರುಗುತ್ತಿದ್ದೆ. ಅದರಲ್ಲಿ ಭಕ್ತಿಯೇನೂ ಇರಲಿಲ್ಲ. ಕಬಡ್ಡಿಯಲ್ಲಿ ಗೆರೆ ಮುಟ್ಟಿ ಬಂದ ಹಾಗೆ, ಅರ್ಧ ಮುಗಿಯಿತಲ್ಲ ಎಂಬ ಸಮಾಧಾನ ಅಷ್ಟೆ. ಆದರೆ ನೋಡುವವರಿಗೆ ಬೇರೆಯೇ ಕಂಡಿರಬೇಕು. ಬೆಳ್ಳಂಬೆಳಗ್ಗೆ ಬೆವರು ಸುರಿಸುತ್ತ ಬಂದು, ಬಗ್ಗಿ ಗುಡಿಯ ಕಲ್ಲು ಮುಟ್ಟಿ, ಯಾರೊಡನೆಯೂ ಮಾತಾಡದೆ ವಾಪಸು ಹೋಗುವ ಮನುಷ್ಯ.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ನೋಡಿದವಳು. ಎಲ್ಲರಿಗೂ ಅವಳು ಆಯಿ. ಓಟದ ತರಬೇತಿ ಜೋರಾಗಿದ್ದ ದಿನಗಳಲ್ಲಿ ಒಮ್ಮೆ ಕಟ್ಟೆಯ ಮೇಲಿಂದ ಎದ್ದು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

“ದಿನಾ ಎಲ್ಲಿಗಿ ಓಡ್ತಿ ತಮ್ಮಾ?”

“ಹಾಫ್ ಮ್ಯಾರಥಾನ್ ಅದ ಆಯಿ. ಇಪ್ಪತ್ತೊಂದು ಕಿಲೋಮೀಟರ್ ಓಡೂದು.”

“ಓಡಿ ಎಲ್ಲಿಗಿ ಹೋಗೂದು?”

“ಎಲ್ಲಿಗೂ ಇಲ್ಲ. ಹೊಂಟಲ್ಲಿಗೇ ವಾಪಸ್ ಬರೂದು.”

“ಅಂದ್ರ ಪ್ರದಕ್ಷಿಣಿ,” ಎಂದಳು ಆಯಿ. “ಗುಡಿ ಕಲ್ಲ ಮುಟ್ಟಿ ಬರ್ತಾನ ಅಂತ ಹೊಲಕ್ಕ ಹೋಗೋರು ಹೇಳಾಕತ್ತಾರ. ನೇಮ ಹಿಡದೀಯೇನು?”

ನನಗೆ ಉಸಿರು ಸಿಗುತ್ತಿರಲಿಲ್ಲ. ಕೈಗಡಿಯಾರದಲ್ಲಿ ಸೆಕೆಂಡುಗಳು ಹೋಗುತ್ತಿದ್ದವು. “ಹೂಂ ಆಯಿ, ನೇಮ ಅಂತನೇ ತಿಳಿ,” ಅಂದು ಓಡಿಬಿಟ್ಟೆ.

ಆ ಮಾತು ನನಗಿಂತ ಜೋರಾಗಿ ಓಡಿತು. ನಮ್ಮಲ್ಲಿ ನೇಮ ಅಂದರೆ ಆಟದ ಮಾತಲ್ಲ. ಲಿಂಗಪೂಜೆ ಮುಗಿಯದೆ ಆಯಿ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಮೊಣಕಾಲು ಬಾತು ಏಳಲಾಗದ ದಿನವೂ ಗೋಡೆ ಹಿಡಿದುಕೊಂಡು ಸ್ನಾನಕ್ಕೆ ಹೋಗುವವಳು. ಅಂಥವಳೇ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಅಂಗಳಕ್ಕೆ ನೀರು ಹೊಡೆಯುತ್ತಿದ್ದ ಹೆಂಗಸರು ನನ್ನನ್ನು ಕಂಡರೆ ಕೊಡ ಕೆಳಗಿಟ್ಟು ದಾರಿ ಬಿಡುತ್ತಿದ್ದರು. ಬಾಳೆಹಣ್ಣಿನ ಗಾಡಿಯ ಚಾಚಾ, “ಅಣ್ಣಾರು ಮನ್ನತ್ ಹಿಡದಾರ, ಸರೀರಿ,” ಎಂದು ಗಿರಾಕಿಗಳನ್ನು ಬದಿಗೆ ಸರಿಸುತ್ತಿದ್ದ. ಅಲ್ಲಿಯ ತನಕ ತಲೆ ಕೆಟ್ಟವನನ್ನು ನೋಡುವ ಹಾಗೆ ನೋಡುತ್ತಿದ್ದವರು ಈಗ ಕೈ ಮುಗಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಹಿತವಾಗಿತ್ತು. ನೇಮವಲ್ಲ ಅನ್ನಲು ಒಂದು ಮಾತು ಸಾಕಿತ್ತು. ಅನ್ನಲಿಲ್ಲ.

ಓಟಕ್ಕೆ ಇನ್ನು ಮೂರು ವಾರ ಇರುವಾಗ ಆಯಿಯ ಮಗಳಿಗೆ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಒಬ್ಬಳೇ ಮಗಳು, ಕಲಬುರಗಿಗೆ ಕೊಟ್ಟಿದ್ದಾರೆ. ಅಲ್ಲಿಯೇ ಆಪರೇಷನ್, ಗುರುವಾರ ಬೆಳಗ್ಗೆ. ಎರಡು ದಿನ ಮೊದಲು ಆಯಿ ನಮ್ಮ ಮನೆಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

“ಅಕಿ ನೀ ಬಾ ಅಂತಾಳ. ದವಾಖಾನ್ಯಾಗ ನನಗೇನ್ ತಿಳೀತದ? ನಾ ಇಲ್ಲೇ ಇದ್ದು, ಆ ಹೊತ್ತಿಗಿ ಗುಡಿ ತನಕ ನಡಕೊಂತ ಹೋಗಿ ಕಲ್ಲ ಮುಟ್ಟಬೇಕಂತ ಮಾಡೀನಿ.”

“ಈ ಮೊಣಕಾಲ ತಗೊಂಡು ಹ್ಯಾಂಗ ಹೋಗ್ತಿ ಆಯಿ? ನೀ ಮಗಳ ಜೋಡಿ ಇರು. ಗುಡಿಗಿ ನಾ ಹೋಗ್ತೀನಿ. ಅಕಿ ಹೆಸರೀಲೆ ಮುಟ್ಟಿ ಬರ್ತೀನಿ.”

“ಖರೇ?”

“ಖರೇ ಆಯಿ.”

ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಹೇಗಿದ್ದರೂ ದಿನಾ ಹೋಗುವ ದಾರಿ, ನನಗೇನೂ ಭಾರವಿರಲಿಲ್ಲ. ಆಯಿ ಮರುದಿನವೇ ಕಲಬುರಗಿಗೆ ಹೋದಳು.

ಅದೇ ಬುಧವಾರ ಕಚೇರಿ ಬಿಡುವ ಹೊತ್ತಿಗೆ ನನ್ನ ಸಹೋದ್ಯೋಗಿಯೊಬ್ಬ ಬಂದು ಪಕ್ಕದಲ್ಲಿ ನಿಂತ. ಅವನೂ ಅದೇ ಓಟಕ್ಕೆ ಹೆಸರು ಕೊಟ್ಟಿದ್ದ. ನಾಳೆ ಹುಮನಾಬಾದಿನ ನಾಲ್ಕೈದು ಮಂದಿ ಹೈವೇ ಬದಿಯಲ್ಲಿ ಹದಿನೆಂಟು ಕಿಲೋಮೀಟರ್ ಓಡುತ್ತೇವೆ, ಸಪಾಟು ರಸ್ತೆ, ಒಳ್ಳೆಯ ಟೈಮ್ ಸಿಗುತ್ತದೆ, ಇವತ್ತು ನಮ್ಮಲ್ಲೇ ಉಳಿದುಬಿಡಿ ಅಂದ. ನನ್ನ ತರಬೇತಿಯ ಪಟ್ಟಿಯಲ್ಲಿ ಆ ವಾರ ಹದಿನೆಂಟು ಬಾಕಿ ಇತ್ತು. ಒಬ್ಬನೇ ಎರಡು ಸಲ ಪ್ರಯತ್ನಿಸಿ ಹದಿನಾಲ್ಕಕ್ಕೆ ಸೋತು ಕೂತಿದ್ದೆ. ಆಯಿಗೆ ಕೊಟ್ಟ ಮಾತು ನೆನಪಿತ್ತು. ಮರೆತಿದ್ದೆ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಓಡಿ ಮುಗಿಸಿ, ಬಸ್ಸು ಹಿಡಿದು ಹೋಗಿ ಮುಟ್ಟಿದರಾಯಿತು ಎಂದುಕೊಂಡು ಹೂಂ ಅಂದೆ.

ಓಟ ಬಹಳ ಚೆನ್ನಾಗಿ ಆಯಿತು. ಹದಿನೆಂಟನ್ನೂ ಎಲ್ಲಿಯೂ ನಿಲ್ಲದೆ ಓಡಿದೆ. ಬೆನ್ನು ತಟ್ಟಿದರು, ಹೋಟೆಲಿಗೆ ಕರೆದೊಯ್ದರು. ಒಗ್ಗರಣೆ ಮಂಡಕ್ಕಿಯ ಸುಸಲಾ ಬಂತು, ಬಿಸಿ ಮಿರ್ಚಿ ಭಜಿ ಬಂತು. ನನ್ನಷ್ಟು ವಯಸ್ಸಿನವರು ಹೀಗೆ ಓಡುವುದನ್ನು ನೋಡಿಲ್ಲ ಎಂದು ಒಬ್ಬ ಹೊಗಳುತ್ತಿದ್ದ. ಆಗ ಫೋನು ಬಂತು. ನಂಬರು ಆಯಿಯ ಅಳಿಯನದು, ದನಿ ಆಯಿಯದು.

“ಈಗ ಒಳಗ ಕರಕೊಂಡು ಹೋದ್ರು ತಮ್ಮಾ. ಮುಟ್ಟಿ ಬಂದ್ಯಾ?”

ಭಜಿ ನನ್ನ ಬಾಯಲ್ಲಿತ್ತು. ಅದನ್ನು ನುಂಗಿ, “ಹೂಂ ಆಯಿ, ಮುಟ್ಟಿ ಬಂದೆ,” ಅಂದೆ.

“ಆತಪ್ಪ, ಆತು,” ಅಂದು ಫೋನು ಇಟ್ಟಳು.

ಆಗಲೂ ಎದ್ದು ಬಸ್ಸು ಹತ್ತಬಹುದಿತ್ತು. ಕಚೇರಿಗೆ ಅರ್ಧ ದಿನದ ರಜೆ ಹಾಕಬಹುದಿತ್ತು. ಆದರೆ ಮುಟ್ಟಿ ಬಂದೆ ಎಂದು ಹೇಳಿದ ಮೇಲೆ ಹೋಗಿ ಮುಟ್ಟುವುದಕ್ಕೆ ಮುಖ ಬರಲಿಲ್ಲ. ಇನ್ನೊಂದು ಚಹಾ ಕುಡಿದು ಕಚೇರಿಗೆ ಹೋದೆ. ಆ್ಯಪ್ ಮಾತ್ರ ಆ ದಿನಕ್ಕೂ ತಪ್ಪದೆ ಹಸಿರು ಗುರುತು ಹಾಕಿತ್ತು.

ಆಪರೇಷನ್ ಸುಸೂತ್ರವಾಯಿತು. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರು. ಅದು ಎಂಥದ್ದೆಂದು ರಿಪೋರ್ಟ್ ಬರಬೇಕಿತ್ತು. ಭಾನುವಾರ ಆಯಿ ಊರಿಗೆ ಬಂದವಳು ಸೋಮವಾರ ಬೆಳಗ್ಗೆಯೇ ತಾಟಿನ ತುಂಬ ಹೋಳಿಗೆ ಹಿಡಿದು ನಮ್ಮ ಮನೆಗೆ ಬಂದಳು. ನಾನು ಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದೆ. ತಾಟನ್ನು ಕಟ್ಟೆಯ ಮೇಲಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆ ಹಿಡಿದು ಬಗ್ಗಿದಳು. ಏನೋ ಬಿದ್ದಿದೆ, ಎತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಅವಳ ಕೈ ನನ್ನ ಬೂಟಿಗೆ ತಾಗಿದಾಗಲೇ ತಿಳಿದದ್ದು.

ಕಾಲು ಹಿಂದಕ್ಕೆ ಎಳೆದುಕೊಂಡೆ. “ಬ್ಯಾಡ ಆಯಿ! ನಾ ಆ ದಿವಸ ಗುಡಿಗಿ ಹೋಗೇ ಇಲ್ಲ!”

ಆಮೇಲೆ ಎಲ್ಲವೂ ಬಾಯಿಗೆ ಬಂತು. ಹುಮನಾಬಾದು, ಹೈವೇ, ಫೋನಿನಲ್ಲಿ ಹೇಳಿದ ಸುಳ್ಳು, ನೇಮ ಅನ್ನುವುದೇ ನನಗೆ ಇರಲಿಲ್ಲ ಎಂಬುದು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ಆಯಿ ಕಟ್ಟೆಯ ಮೇಲೆ ಕೂತಳು.

“ಅಲ್ಲಿ ಎಷ್ಟು ಓಡಿದಿ?”

“ಹದಿನೆಂಟು ಕಿಲೋಮೀಟರ್.”

“ಗುಡಿ ಎಷ್ಟಾಗ್ತದ?”

“ಐದು.”

ತಲೆಯಾಡಿಸಿದಳು.

“ದವಾಖಾನಿ ಬಾಗಲದಾಗ ನಾಕ ತಾಸ ಕುಂತಿದ್ದೆ ತಮ್ಮಾ. ಅಳಿಯ ಅಳಾಕತ್ತಿದ್ದ. ನಾ ಅಳಲಿಲ್ಲ. ಗುಡಿ ಕಡಿ ನೀ ಅದಿ ಅಂತ ಸುಮ್ಮನ ಕುಂತೆ.” ಮತ್ತೆ ನಿಧಾನವಾಗಿ ಅಂದಳು: “ರಿಪೋರ್ಟ್ ಇನ್ನಾ ಬಂದಿಲ್ಲ ನೋಡು. ಈಗ ಅಂಜಿಕಿ ಬರಾಕತ್ತದ.”

ಹೇಳಿಕೊಂಡು ಹಗುರಾಗಿದ್ದು ನಾನೊಬ್ಬನೇ. ನನ್ನ ತಲೆಯ ಮೇಲಿದ್ದುದನ್ನು ಇಳಿಸಿ ಅವಳ ತಲೆಯ ಮೇಲಿಟ್ಟಿದ್ದೆ. ಗಾಡಿ ತೆಗೀತೀನಿ, ಈಗಲೇ ಕೂಡಿ ಹೋಗಿ ಬರೋಣ ಅಂದೆ. “ಗಾಡಿ ಮ್ಯಾಲ ಹೋದ್ರ ನೇಮ ಆಗಂಗಿಲ್ಲಪ್ಪ,” ಅಂದು ಎದ್ದು ಹೋದಳು. ಹೋಳಿಗೆಯ ತಾಟನ್ನು ಮಾತ್ರ ವಾಪಸು ಒಯ್ಯಲಿಲ್ಲ.

ರಿಪೋರ್ಟ್ ಬರಲು ಇನ್ನೂ ಎಂಟು ದಿನ ಹಿಡಿಯಿತು. ಒಳ್ಳೆಯದೇ ಬಂತು, ಮಗಳು ಈಗ ಆರಾಮಾಗಿದ್ದಾಳೆ. ಆದರೆ ಆ ಎಂಟೂ ದಿನ ಆಯಿ ಗುಡಿಗೆ ನಡೆದು ಹೋದಳು.

ಮೊದಲ ದಿನ ನಾನು ಓಡುತ್ತ ಹೋದಾಗ ಅವಳು ದಾರಿಯ ಅರ್ಧವನ್ನೂ ಮುಗಿಸಿರಲಿಲ್ಲ. ಕತ್ತಲಿದ್ದಾಗಲೇ ಹೊರಟಿರಬೇಕು. ಕೋಲು ಊರಿ ಹತ್ತು ಹೆಜ್ಜೆ ಇಡುವುದು, ನಿಂತು ಮೊಣಕಾಲು ತಿಕ್ಕಿಕೊಳ್ಳುವುದು, ಮತ್ತೆ ಹತ್ತು ಹೆಜ್ಜೆ. ನಾನು ಓಟ ನಿಲ್ಲಿಸಿ ಅವಳ ಹಿಂದೆ ಮೆಲ್ಲಗೆ ನಡೆಯತೊಡಗಿದೆ. ಬೂಟಿನ ಸಪ್ಪಳಕ್ಕೆ ನಾನೇ ಎಂದು ಅವಳಿಗೆ ತಿಳಿಯಿತು. ತಿರುಗಿ ನೋಡದೆ, ಕೋಲನ್ನು ಎಡಗೈಗೆ ಬದಲಿಸಿ, ರಸ್ತೆಯ ಅಂಚಿಗೆ ಸರಿದು ನಿಂತಳು.

“ಮುಂದ ಹೋಗು ತಮ್ಮಾ. ನಿನಗ ತಡ ಆಗ್ತದ.”

ಚುಚ್ಚಿ ಆಡಿದ ಮಾತಲ್ಲ ಅದು. ನನಗೆ ನಿಜಕ್ಕೂ ತಡವಾಗುತ್ತದೆ ಎಂದೇ ಅವಳು ತಿಳಿದಿದ್ದಳು. ನನಗೆ ಯಾವ ತಡವೂ ಆಗುತ್ತಿರಲಿಲ್ಲ. ಆದರೂ ಅವಳನ್ನು ದಾಟಿ ಓಡಿದೆ.