ಅಮ್ಮನ ಕಣ್ಣು, ಭಾವನ ಗುರು

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನನ್ನದು ಒಂದೇ ವರ್ಷಕ್ಕೆ ತೀರಿತು, ಅದೂ ಒಂದು ಕನ್ನಡಿಯ ದಯೆಯಿಂದ. ತೀರಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿ ಮುಗಿಸಿ ‘ಪಾಪ, ಅಷ್ಟು ಮಾಡಬಾರದಿತ್ತು’ ಅನ್ನುವ ದೊಡ್ಡ ಮನಸ್ಸಿನವರು ಇಲ್ಲೇ ಪುಟ ಮಗುಚಿದರೂ ಸರಿ.

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಮೀನಂಗಡಿ ಎಂಬ ಪೇಟೆಯಲ್ಲಿ, ಹೆದ್ದಾರಿ ಪಕ್ಕದಲ್ಲಿ ಪೈಂಟು, ಪೈಪುಗಳ ಅಂಗಡಿ ಇಟ್ಟವರು. ನಾವಿರುವುದು ತೋಲ್ಪೆಟ್ಟಿಯಲ್ಲಿ. ಗಂಡನದು ದಿನಸಿ ಅಂಗಡಿ, ನನ್ನದು ಹೊಲಿಗೆ. ಮನೆ ಹಿಂದೆ ಒಂದಿಷ್ಟು ಕಾಫಿ, ಅದರ ಹಿಂದೆ ಕರೆಂಟು ಬೇಲಿ, ಬೇಲಿಯಾಚೆ ಕಾಡು. ನನ್ನ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಮಗಳ ಮನೆಯಲ್ಲಿರುವ ತಾಯಿ ಅಂದರೆ ಅಳಿಯನ ಕಡೆಯವರಿಗೆ ಯಾವತ್ತೂ ಸ್ವಲ್ಪ ಸದರವೇ. ಅಮ್ಮ ಅದನ್ನು ನುಂಗಿಕೊಂಡೇ ಬಂದವಳು. ನಾನು ನುಂಗುವ ಜಾತಿಯಲ್ಲ.

ಹೋದ ವರ್ಷದ ಕಾಫಿ ಕೊಯ್ಲಿನ ಕಾಲದಲ್ಲಿ ಭಾವನ ಹೊಸ ಮನೆಯ ಗೃಹಪ್ರವೇಶವಾಯಿತು. ನಮ್ಮವರಲ್ಲಿ ಗೃಹಪ್ರವೇಶಕ್ಕೆ ಹೋದವರಿಗೆ ಒಂದು ಅಲಿಖಿತ ಕೆಲಸವಿದೆ. ಮನೆಯವರು ಕರೆದುಕೊಂಡು ಹೋಗಿ ತೋರಿಸಿದ್ದನ್ನೆಲ್ಲ ಹೊಗಳಬೇಕು. ಅಡುಗೆಮನೆಯ ಕಪ್ಪು ಕಲ್ಲು ನೋಡಿ ‘ಅಯ್ಯೋ ಎಷ್ಟು ಚೆಂದ’, ಬಚ್ಚಲಿನ ನಲ್ಲಿ ನೋಡಿ ‘ಅಯ್ಯೋ ಎಷ್ಟು ಚೆಂದ’. ಹಾಲು ಉಕ್ಕಿದ ಮನೆಯಲ್ಲಿ ‘ಇಲ್ಲ’ ಅನ್ನುವ ಮಾತು ಆಡಬಾರದು. ಆ ಸಂಜೆ ಭಾವ ಎಲ್ಲರನ್ನೂ ತಾರಸಿಗೆ ಹತ್ತಿಸಿದರು. ಅಲ್ಲಿ ಉದ್ದ ಕಾಲಿನ ಮೇಲೆ ಬೆಳ್ಳಗಿನ ಒಂದು ಟೆಲಿಸ್ಕೋಪು ನಿಂತಿತ್ತು. ಗಾಳಿ ಬೀಸಿದರೆ ಅದರ ಮೈಯೆಲ್ಲ ನಡುಗುತ್ತಿತ್ತು. ಅದರ ಪೆಟ್ಟಿಗೆಯನ್ನೂ ಪಕ್ಕದಲ್ಲೇ ಇಟ್ಟಿದ್ದರು, ಎಷ್ಟು ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಮೇಲೆ ಬರೆದದ್ದನ್ನು ನಾವು ಓದಲಿ ಎಂದು.

ಭಾವ ಒಂದು ಕಣ್ಣು ಮುಚ್ಚಿ, ತಿರುಗಿಸಿ, ಒತ್ತಿ, ಕೊನೆಗೆ ಗುರುಗ್ರಹವನ್ನು ಹಿಡಿದರು. ಹಿಡಿದವರು ಸುಮ್ಮನೆ ಪಕ್ಕಕ್ಕೆ ಸರಿಯಬಾರದೇ? ಭಾಷಣ ಶುರು ಮಾಡಿದರು. ಗುರು ಎಷ್ಟು ದೊಡ್ಡವನು, ಅವನ ಸುತ್ತ ನಾಲ್ಕು ಮಕ್ಕಳು, ಅಂದರೆ ಚಂದ್ರರು, ಹೇಗೆ ಸುತ್ತುತ್ತಾರೆ, ತಮ್ಮ ಜಾತಕದಲ್ಲಿ ಗುರುಬಲ ಹೇಗೆ ಬಂತು, ಈ ಮನೆ ಹೇಗೆ ಎದ್ದಿತು. ಎಲ್ಲ ಮುಗಿದ ಮೇಲೆ, ನೆರೆದವರಲ್ಲಿ ಹಿರಿಯಳೆಂದು ಮೊದಲು ಅಮ್ಮನನ್ನು ಕರೆದರು.

ಅಮ್ಮನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದೆವು, ಉಚಿತ ಶಿಬಿರದಲ್ಲಿ. ಪಟ್ಟಿ ಬಿಚ್ಚಿದ ದಿನದಿಂದ ಅವಳು ಹೊಸ ಮದುಮಗಳಂತೆ ಎಲ್ಲವನ್ನೂ ನೋಡಿ ಹಿಗ್ಗುತ್ತಿದ್ದಳು. ಸೀರೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಬಗ್ಗಿ, ಕೊಳವೆಗೆ ಕಣ್ಣಿಟ್ಟಳು. ತುಂಬ ಹೊತ್ತು ನೋಡಿದಳು.

“ಏನೂ ಕಾಣೋದಿಲ್ಲಲ್ಲಾ. ಬರೀ ಕತ್ಲೆ,” ಅಂದಳು.

ಭಾವ ನಕ್ಕರು. “ಅತ್ತೆ, ನಿಮ್ದು ಫ್ರೀ ಕ್ಯಾಂಪಲ್ಲಿ ಮಾಡ್ಸಿದ ಕಣ್ಣಲ್ವಾ? ಫ್ರೀ ಕಣ್ಣಿಗೆ ಗುರು ಎಲ್ಲಿ ಕಾಣ್ತಾನೆ! ಫ್ರೀ ರೇಷನ್ ಅಕ್ಕಿ ಕಂಡ್ರೆ ಅಷ್ಟು ಸಾಕು.”

ತಾರಸಿಯೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ‘ಅಯ್ಯೋ ಎಷ್ಟು ಚೆಂದ’ ಅಂದಳು ಭಾವನ ಹೆಂಡತಿ, ನನ್ನ ವಾರಗಿತ್ತಿ. ‘ಹಾಲಿನ ಹಾಗೆ’ ಅಂದರು ಅವಳ ಅಣ್ಣ. ನನ್ನ ಗಂಡನೂ ಬಗ್ಗಿ ‘ಕಾಣ್ತದೆ, ಕಾಣ್ತದೆ’ ಅಂದ. ನಾನು ನೋಡಲಿಲ್ಲ. ಅಮ್ಮನ ಕೈ ಹಿಡಿದು ಮೆಟ್ಟಿಲಿಳಿದೆ.

ನಗೆ ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಅಮ್ಮ ಮನೆಗೆ ಬಂದವಳು ಅಕ್ಕಿ ಆರಿಸುವುದನ್ನು ಬಿಟ್ಟಳು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದಳು. ಒಬ್ಬಳೇ ರಸ್ತೆ ದಾಟಿ ಅಂಗಡಿಗೆ ಹೋಗುತ್ತಿದ್ದವಳು ಜಗಲಿ ಇಳಿಯಲೂ ಗೋಡೆ ಹಿಡಿದಳು. ಡಾಕ್ಟರಿಗೆ ತೋರಿಸಿದೆವು. ಕಣ್ಣು ಚೆನ್ನಾಗಿದೆ ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ನನ್ನ ಕಿವಿಯಲ್ಲಿ, “ಮನ್ಸು ನೋಯಿಸ್ಬಾರ್ದು ಅಂತ ಹಾಗಂತಾರೆ ಮಗಾ. ಅಷ್ಟು ಜನಕ್ಕೆ ಕಂಡದ್ದು ನಂಗೊಬ್ಳಿಗೇ ಕಾಣ್ಲಿಲ್ಲ ಅಂದ್ರೆ?” ಅಂದಳು. ಭಾವನ ಮೇಲಿನ ಸಿಟ್ಟನ್ನು ಬೆಂಕಿ ಆರದ ಹಾಗೆ ದಿನಾ ಬೂದಿ ಕೆದಕಿ ನೋಡಿಕೊಂಡೆ.

ಅಮ್ಮನಿಗೆ ಗುರುವನ್ನು ತೋರಿಸಲೇಬೇಕು, ಭಾವನದ್ದಕ್ಕಿಂತ ಒಳ್ಳೆಯ ಟೆಲಿಸ್ಕೋಪಿನಲ್ಲಿ ತೋರಿಸಬೇಕು ಅಂತ ತೀರ್ಮಾನಿಸಿದೆ. ಹೊಲಿಗೆ ಮಾಡುತ್ತ ಫೋನಿನಲ್ಲಿ ಮಲಯಾಳದ್ದು, ಕನ್ನಡದ್ದು, ಸಿಕ್ಕಿದ ವಿಡಿಯೊಗಳನ್ನೆಲ್ಲ ಕೇಳಿದೆ. ಮೊದಲು ತಿಳಿದದ್ದೇ ನನಗೆ ಹೋಳಿಗೆ ತಿಂದಷ್ಟು ಸಂತೋಷ ಕೊಟ್ಟಿತು: ಪೆಟ್ಟಿಗೆಯ ಮೇಲೆ ನೂರಾರು ಪಟ್ಟು ಅಂತ ಕೂಗುವ ಸಂಖ್ಯೆ ಬರೀ ಬೂಟಾಟಿಕೆ. ಮುಖ್ಯವಾದದ್ದು ಬೆಳಕು ಹಿಡಿಯುವ ಬಾಯಿಯ ಅಗಲ. ಸಣ್ಣ ಬಾಯಿಯ ಕೊಳವೆಯಲ್ಲಿ ಎಷ್ಟು ಹಿಗ್ಗಿಸಿದರೂ ಮಂಜೇ ಹಿಗ್ಗುತ್ತದೆ. ಗಾಜಿನ ಮಸೂರದ ಟೆಲಿಸ್ಕೋಪಿಗೆ ಕೊಡುವ ದುಡ್ಡಿಗೇ ಕನ್ನಡಿಯದ್ದು ಕೊಂಡರೆ ಇನ್ನೂ ಅಗಲದ್ದು ಸಿಗುತ್ತದೆ. ಕೊಳವೆಯ ತಳದಲ್ಲಿ ಬಟ್ಟಲಿನ ಹಾಗೆ ತಗ್ಗಾದ ಕನ್ನಡಿ, ಬಾಯಿಯ ಹತ್ತಿರ ಓರೆಯಾದ ಇನ್ನೊಂದು ಚಿಕ್ಕ ಕನ್ನಡಿ, ಪಕ್ಕದಲ್ಲಿ ಕಣ್ಣಿಡುವ ತೂತು. ಮೂರು ಕಾಲಿನ ಸ್ಟ್ಯಾಂಡು ನಡುಗಿದರೆ ಎಲ್ಲ ವ್ಯರ್ಥ, ಮರದ ಗಟ್ಟಿ ಪೀಠದ ಮೇಲೆ ಕೂತು ಬೀಸುಕಲ್ಲಿನ ಹಾಗೆ ತಿರುಗುವಂಥದ್ದು ಹೊಸಬರಿಗೆ ಒಳ್ಳೆಯದು. ಅಂಥದ್ದನ್ನೇ ತರಿಸಿದೆ. ಐದಿಂಚಿನ ಕನ್ನಡಿ. ಬೇಗೂರು ಕಾಡು ದಾಟಿ ಕೊರಿಯರ್‌ನವರು ಬರುವುದಿಲ್ಲವಾದ್ದರಿಂದ ಗಂಡ ಮಾನಂದವಾಡಿಗೆ ಹೋಗಿ ಜೀಪಿನಲ್ಲಿ ತಂದ.

“ಮಿಕ್ಸಿ ಕೆಟ್ಟು ಎರಡು ತಿಂಗ್ಳಾಯ್ತು,” ಅಂದ ಪೆಟ್ಟಿಗೆ ಇಳಿಸುತ್ತ.

“ಅರೆಯೋ ಕೆಲ್ಸ ಇದ್ರಲ್ಲೂ ಆಗ್ತದೆ, ನೋಡ್ತಿರಿ,” ಅಂದೆ.

ನಮ್ಮ ಕಡೆ ಮನೆ ಸುತ್ತ ಮರ. ಆಕಾಶ ಕಾಣುವ ಜಾಗ ಒಂದೇ, ಕಾಫಿ ಒಣಗಿಸುವ ಸಿಮೆಂಟಿನ ಕಣ. ಇಲ್ಲಿ ಯಾರೇ ಟೆಲಿಸ್ಕೋಪು ತಂದರೂ ಮೊದಲು ಅಲ್ಲೇ ಇಡುತ್ತಾರೆ, ನಾನೂ ಅಲ್ಲೇ ಇಟ್ಟೆ. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಕಾಫಿಯ ಪಕ್ಕದಲ್ಲಿ ಮಣೆ ಹಾಕಿ ಕೂತೆ. ಆನೆ ಇಳಿಯುವ ಹೊತ್ತಿಗೆ ಮುಂಚೆ ನೋಡಿ ಮುಗಿಸಬೇಕು. ಗುರುವೇನೋ ಸಿಕ್ಕಿದ, ಆದರೆ ಎಂಥ ಗುರು! ಬೆಲ್ಲದ ಪಾಕದ ಹಾಗೆ ಕುದಿಯುತ್ತಿದ್ದ. ಎಷ್ಟು ತಿರುಗಿಸಿದರೂ ಅಂಚು ನಿಲ್ಲಲಿಲ್ಲ. ಮೂರು ಸಂಜೆ ಹೀಗೇ ಆಯಿತು. ಕನ್ನಡಿ ಓರೆಯಾಗಿದೆ ಅಂತ ಹಿಂದಿನ ತಿರುಪುಗಳನ್ನು ಅತ್ತಿತ್ತ ತಿರುಗಿಸಿ ಇನ್ನಷ್ಟು ಕೆಡಿಸಿದೆ, ಮತ್ತೆ ಸರಿ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನನ್ನ ವಿಷಯದಲ್ಲಿ ನಿಜವಾಗಿಯೂ ನೆಲದ್ದೇ ತಪ್ಪು! ಬರಿಗಾಲಿನಲ್ಲಿ ಎದ್ದು ನಿಂತಾಗ ಅಂಗಾಲಿಗೆ ಬಿಸಿ ತಾಗಿತು. ಹಗಲೆಲ್ಲ ಕಾದ ಸಿಮೆಂಟು ಇನ್ನೂ ಆರಿರಲಿಲ್ಲ, ಪಕ್ಕದ ಕಾಫಿ ರಾಶಿಯೂ ಬೆಚ್ಚಗೆ ಉಸಿರಾಡುತ್ತಿತ್ತು. ಆ ಬಿಸಿಗಾಳಿಯ ಮೂಲಕವೇ ನಾನು ಆಕಾಶ ನೋಡುತ್ತಿದ್ದೆ.

ಮರುದಿನ ದನದ ಕೊಟ್ಟಿಗೆಯ ಹಿಂದಿನ ಹುಲ್ಲು ನೆಲಕ್ಕೆ ಒಯ್ದೆ. ಒಂದು ಹಲಸಿನ ಕೊಂಬೆ ಕಡಿಸಬೇಕಾಯಿತು. ಹೊತ್ತು ಮುಳುಗುವ ಮೊದಲೇ ಕೊಳವೆಯನ್ನು ಹೊರಗಿಟ್ಟು ಕನ್ನಡಿ ತಣ್ಣಗಾಗಲು ಬಿಟ್ಟೆ. ಕತ್ತಲಾದ ಮೇಲೆ ಕಣ್ಣಿಟ್ಟರೆ, ಗುರು ಸದ್ದಿಲ್ಲದೆ ಕೂತಿದ್ದ. ದುಂಡಗೆ, ಕೆನೆ ಬಣ್ಣ, ಮೈಮೇಲೆ ಎರಡು ಮಾಸಲು ಪಟ್ಟೆ. ಎರಡೂ ಬದಿಗೆ ಸಾಲಾಗಿ ನಾಲ್ಕು ಚುಕ್ಕಿ ಚಂದ್ರರು. ನನಗೆ ಅಳುವೇ ಬಂತು. ‘ರೀ’ ಅಂತ ಗಂಡನನ್ನು ಕೂಗಿದೆ. ಅವನು ಅಂಗಡಿಯ ಬಾಗಿಲು ಎಳೆದು ಬಂದು ಬಗ್ಗಿದ.

“ಏನಿದೆ ಇಲ್ಲಿ? ಬರೀ ಕತ್ಲೆ.”

ನಾನು ಬಗ್ಗಿದೆ. ಹೌದು, ಬರೀ ಕತ್ತಲೆ. ಕೊಳವೆಯನ್ನು ಯಾರೂ ಮುಟ್ಟಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂಚೂರು ತಳ್ಳಿ ಹುಡುಕಿದೆ, ಗುರು ಪಕ್ಕದಲ್ಲೇ ಇದ್ದ. ಹಾಗೇ ನೋಡುತ್ತ ಕೂತರೆ, ಅವನು ಮೆಲ್ಲಗೆ ಜಾರಿ ಅಂಚಿಗೆ ಹೋಗಿ ಮರೆಯಾದ. ಭೂಮಿ ತಿರುಗುತ್ತದಲ್ಲ, ಕೊಳವೆಯೂ ಅದರ ಜೊತೆ ತಿರುಗುತ್ತದೆ, ಗುರು ಕಾಯುತ್ತ ನಿಲ್ಲುವುದಿಲ್ಲ. ನೋಡುವವರು ಆಗಾಗ ಕೊಳವೆಯನ್ನು ಕೂದಲೆಳೆಯಷ್ಟು ತಳ್ಳುತ್ತಲೇ ಇರಬೇಕು, ಇಲ್ಲದಿದ್ದರೆ ಒಂದೆರಡು ನಿಮಿಷದಲ್ಲಿ ಒಳಗೆ ಖಾಲಿ ಆಕಾಶ.

ಆಗ ಹೊಳೆಯಿತು. ಅವತ್ತು ತಾರಸಿಯಲ್ಲಿ ಗುರುವನ್ನು ಹಿಡಿದ ಮೇಲೆ ಭಾವನ ಭಾಷಣ ಎಷ್ಟು ಉದ್ದವಿತ್ತು!

“ನಿಜ ಹೇಳಿ,” ಅಂತ ಗಂಡನನ್ನು ಹಿಡಿದೆ. “ಅವತ್ತು ತಾರಸಿ ಮೇಲೆ ನಿಮ್ಗೆ ಏನು ಕಂಡ್ತು?”

ಅವನು ಕತ್ತು ಕೆರೆದುಕೊಂಡ. “ಎಲ್ರೂ ಕಂಡ್ತು ಅಂದ್ರಲ್ಲ… ಗೃಹಪ್ರವೇಶದ ಮನೇಲಿ ಇಲ್ಲ ಅನ್ನೋಕಾಗ್ತದಾ?”

ಆ ರಾತ್ರಿ ನನಗೆ ಊಟ ಸೇರಲಿಲ್ಲ, ಸಿಟ್ಟೇ ಹೊಟ್ಟೆ ತುಂಬಿತ್ತು. ಇಡೀ ತಾರಸಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಒಬ್ಬಳೇ. ಅವಳು ಆಮೇಲೆ ಒಂದು ವರ್ಷ ಗೋಡೆ ಹಿಡಿದು ನಡೆದಳು. ಆಗಲೇ ಎಬ್ಬಿಸಿ ತೋರಿಸಬಹುದಿತ್ತು. ಆದರೆ ನನಗೆ ಅಮ್ಮ ಗೊತ್ತು. ‘ಇದು ನಿನ್ನ ದೊಡ್ಡ ಕನ್ನಡಿಯ ಪುಣ್ಯ ಮಗಾ, ಅವತ್ತು ಎಲ್ಲರಿಗೂ ಕಂಡದ್ದು ನಿಜವೇ’ ಅನ್ನುತ್ತಿದ್ದಳು. ನಕ್ಕ ಬಾಯಿಗಳ ಎದುರಿಗೇ ತೋರಿಸಬೇಕು. ಭಾವನ ಬಾಯಿಂದಲೇ ಭಾವನನ್ನು ಹಿಡಿಯಬೇಕು.

ಮಾವನವರ ತಿಥಿ ಪ್ರತಿ ವರ್ಷವೂ ನಮ್ಮ ಮನೆಯಲ್ಲೇ. ಅದೇ ಜನ, ಅದೇ ವಾರಗಿತ್ತಿ, ಅವಳ ಅದೇ ಅಣ್ಣ. ಕತ್ತಲಾದ ಮೇಲೆ ಕಾಡುದಾರಿಯಲ್ಲಿ ಹೋಗುವುದು ಬೇಡವೆಂದು ಎಲ್ಲರೂ ಉಳಿದರು. ವಡೆ ಪಾಯಸ ಅರಗುವ ಹೊತ್ತಿಗೆ ಎಲ್ಲರನ್ನೂ ಕೊಟ್ಟಿಗೆಯ ಹಿಂದೆ ಕರೆದೆ. ಭಾವ ನನ್ನ ಟೆಲಿಸ್ಕೋಪಿನ ಸುತ್ತ ಒಂದು ಸುತ್ತು ಬಂದರು.

“ಇದೇನಮ್ಮ, ಡ್ರಮ್ಮಿನ ಹಾಗಿದೆ? ಎಷ್ಟು ಪಟ್ಟು ಕಾಣ್ತದೆ?”

“ನಿಮ್ಮ ಮುಂದೆ ನಾವೇನು ಭಾವ. ನೀವೇ ಮೊದ್ಲು ನೋಡಿ ಹೇಳ್ಬೇಕು,” ಅಂದೆ. ಇಷ್ಟು ವಿನಯ ನನ್ನ ಬಾಯಿಂದ ಅವರು ಎಂದೂ ಕೇಳಿರಲಿಲ್ಲ. ಅನುಮಾನ ಬರಬೇಕಿತ್ತು, ಬರಲಿಲ್ಲ.

ನಾನು ಗುರುವನ್ನು ನಡುವಿಗೆ ತಂದೆ, ಚೆನ್ನಾಗಿ ಹಿಗ್ಗಿಸುವ, ಅಷ್ಟೇ ಬೇಗ ಜಾರಿಸುವ ಚಿಕ್ಕ ಮಸೂರ ಹಾಕಿ ನೋಡಿದೆ. ಆ ಸಂಜೆ ಮೂರೇ ಚಂದ್ರರಿದ್ದರು, ನಾಲ್ಕನೆಯವನು ಗುರುವಿನ ಬೆನ್ನ ಹಿಂದೆ ಅಡಗಿದ್ದ. ದೇವರು ನನ್ನ ಪಕ್ಷವೆಂದು ನನಗೆ ಆಗಲೇ ಗೊತ್ತಾಯಿತು. ಎದ್ದು ನಿಂತು ಭಾಷಣ ಶುರು ಮಾಡಿದೆ. ಭಾವನದ್ದೇ ಭಾಷಣ, ಒಂದು ಮಾತೂ ಬಿಡದೆ. ಗುರು ಎಷ್ಟು ದೊಡ್ಡವನು, ನಾಲ್ಕು ಮಕ್ಕಳು ಹೇಗೆ ಸುತ್ತುತ್ತಾರೆ, ಗುರುಬಲ ಇದ್ದವರ ಮನೆ ಹೇಗೆ ಏಳುತ್ತದೆ. ಭಾವ ತಲೆದೂಗಿದರು. ಮಾತು ಮುಗಿಸಿ, ಸೊಳ್ಳೆ ಓಡಿಸುವ ನೆಪದಲ್ಲಿ ಒಮ್ಮೆ ಬಗ್ಗಿ ಇಣುಕಿದೆ. ಖಾಲಿ.

“ಬನ್ನಿ ಭಾವ.”

ಅವರು ಕೂತು, ಕಣ್ಣು ಕಿರಿದು ಮಾಡಿ ನೋಡಿದರು. ಕತ್ತು ಅತ್ತಿತ್ತ ಹೊರಳಿಸಿದರು.

“ಕಾಣ್ತದಾ ಭಾವ?”

“ಹಾಂ, ಕಾಣ್ದೆ ಏನು? ಕಾಣ್ತದೆ.”

“ಮಕ್ಳು?”

“ನಾಲ್ಕೂ ಇದಾವೆ. ಸಾಲಾಗಿ. ಆದ್ರೆ ನನ್ನದ್ರಲ್ಲಿ ಇನ್ನೂ ಚೆನ್ನಾಗಿ ಕಾಣೋದು.”

ಪಾಪ, ‘ಆದ್ರೆ’ ಅಂತ ಬೇರೆ ಸೇರಿಸಿದರು. ನಾನು ಅಮ್ಮನ ಕಡೆ ತಿರುಗಿದೆ. ಅವಳು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿದ್ದಳು.

“ಅಮ್ಮಾ, ಬಾ.”

“ಬೇಡ ಮಗಾ. ಮತ್ತೆ ನಗ್ತಾರೆ.”

“ಕಂಡದ್ದು ಹೇಳು, ಸಾಕು.”

ನಾನೇ ಕೈಹಿಡಿದು ಕೂರಿಸಿದೆ. ಅಮ್ಮ ನೋಡಿದಳು. “ಕತ್ಲೆ,” ಅಂದಳು, ತಪ್ಪು ಮಾಡಿದವಳ ಹಾಗೆ.

ಯಾರೋ ಹಿಂದೆ ಕಿಸಕ್ಕೆಂದರು. ಭಾವ, “ನಾನು ಆಗ್ಲೇ ಹೇಳ್ಲಿಲ್ವಾ,” ಎಂದು ಶುರು ಮಾಡಿದರು.

“ಅಮ್ಮ ಹೇಳಿದ್ದೇ ಸರಿ,” ಅಂದೆ, ಎಲ್ಲರಿಗೂ ಕೇಳುವ ಹಾಗೆ. “ಒಳಗೆ ಏನೂ ಇಲ್ಲ. ಅಕ್ಕಾ, ನೀವು ನೋಡಿ. ಇದು ಗೃಹಪ್ರವೇಶ ಅಲ್ಲ, ತಿಥಿ. ಇಲ್ಲ ಅಂದ್ರೂ ದೋಷ ಇಲ್ಲ.”

ವಾರಗಿತ್ತಿ ಬಗ್ಗಿದಳು, ಎದ್ದಳು, ಗಂಡನ ಮುಖ ನೋಡಿದಳು. “ಏನೂ ಇಲ್ಲ ಕಣ್ರೀ,” ಅಂದಳು. ಅವಳ ಅಣ್ಣ ನೋಡಿದರು. ಅವರಿಗೂ ಏನೂ ಇಲ್ಲ. ಗುರು ನಿಲ್ಲದೆ ಜಾರುತ್ತಾನೆ, ಭಾಷಣ ಮುಗಿಯುವವರೆಗೆ ಕಾಯುವುದಿಲ್ಲ ಎಂದು ನಾನು ಮೆಲ್ಲಗೆ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವತ್ತು ತಾರಸಿಯಲ್ಲಿ ‘ಚೆಂದ’ ಅಂದವರೆಲ್ಲ ನೆಲ ನೋಡತೊಡಗಿದರು. ಭಾವ ಟಾರ್ಚ್ ಹಾಕುವುದು ಆರಿಸುವುದು ಮಾಡುತ್ತಿದ್ದರು. ನನಗೆ ಎಷ್ಟು ಹಿತವಾಯಿತೆಂದರೆ, ಚಳಿಯಲ್ಲಿ ಬಿಸಿನೀರು ಮೈಮೇಲೆ ಬಿದ್ದ ಹಾಗೆ.

ಆಮೇಲೆ ಕೊಳವೆಯನ್ನು ಒಂಚೂರು ತಳ್ಳಿ ಗುರುವನ್ನು ನಡುವಿಗೆ ತಂದು ಅಮ್ಮನನ್ನು ಮತ್ತೆ ಕೂರಿಸಿದೆ.

ಅಮ್ಮ ಕಣ್ಣಿಟ್ಟಳು. “ಬೆಳ್ಳಗೆ, ಗುಂಡಗೆ… ಮೈಮೇಲೆ ಗೀರಿದೆ. ಪಕ್ಕದಲ್ಲಿ ಸಣ್ಣ ಸಣ್ಣವು. ಮೂರು.”

“ನಾಲ್ಕಲ್ವಾ ಅಮ್ಮ? ಭಾವ ನಾಲ್ಕು ಅಂದ್ರಲ್ಲ.”

“ಮೂರೇ,” ಅಂದಳು ಅಮ್ಮ. ಒಂದು ವರ್ಷದಿಂದ ಅವಳ ದನಿಯಲ್ಲಿ ಆ ಗಟ್ಟಿತನ ಕೇಳಿರಲಿಲ್ಲ. ಕೊಳವೆಯಿಂದ ಕಣ್ಣು ತೆಗೆಯದೆ, ಯಾರನ್ನೂ ಉದ್ದೇಶಿಸದೆ, “ಹಾಗಾದ್ರೆ ಅವತ್ತೂ ನನ್ನ ಕಣ್ಣು ಸರಿಯಾಗೇ ಇತ್ತು,” ಅಂದಳು.

ಸ್ವಲ್ಪ ಹೊತ್ತಿಗೆ ಭಾವ ಹತ್ತಿರ ಬಂದು, “ಅತ್ತೆ, ನಾನೊಂದ್ಸಲ…” ಅಂದರು.

“ತಡೀರಿ,” ಅಂದಳು ಅಮ್ಮ. “ನಂದಿನ್ನೂ ನೋಡಿ ಆಗ್ಲಿಲ್ಲ.”

ಭಾವ ಅವಳ ಹಿಂದೆ ಹುಲ್ಲಿನ ಮೇಲೆ ಕಾಯುತ್ತ ನಿಂತರು. ಗುರು ಅಂಚಿಗೆ ಜಾರಿದಾಗಲೆಲ್ಲ ನಾನು ಕೊಳವೆಯನ್ನು ಒಂಚೂರು ತಳ್ಳುತ್ತಲೇ ಇದ್ದೆ.