ನಕ್ಷೆಯಲ್ಲಿ ಇರದಿದ್ದ ಬಾಗಿಲು

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ಎದುರಿಗೆ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದವನು ನಾನು. ವಿಮಾ ಕಚೇರಿಯ ನೌಕರಿ ನನ್ನನ್ನು ಹಾಗೆ ಮಾಡಿತ್ತು. ಕಾಗದ ಪತ್ರವಿಲ್ಲದೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ವೆಸ್ಟ್ ಮಾಂಬಲಂನಲ್ಲಿ, ರೈಲು ಹೋದಾಗಲೆಲ್ಲ ಅಡುಗೆಮನೆಯ ಪಾತ್ರೆ ಸದ್ದು ಮಾಡುವ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾವಿದ್ದೆವು. ನನಗೆ ಯುದ್ಧನೌಕೆಗಳ ಮಾದರಿ ಕಟ್ಟುವ ಹುಚ್ಚು. ತೆಳ್ಳನೆಯ ಮರ, ರಟ್ಟು, ಅಂಟು ಎಲ್ಲಿ ಬೇಕಾದರೂ ಸಿಗುತ್ತಿದ್ದವು. ಸಿಗದೆ ಸತಾಯಿಸುತ್ತಿದ್ದುದು ನಕ್ಷೆ. ನಮ್ಮ ಬೀದಿಗೆ ಬ್ರೌಸಿಂಗ್ ಸೆಂಟರ್ ಬಂದ ಮೇಲೆ, ನನ್ನಂಥ ಹುಚ್ಚರು ಬೇರೆ ಬೇರೆ ದೇಶಗಳಲ್ಲೂ ಇದ್ದಾರೆಂದು ಗೊತ್ತಾಯಿತು. ಇ-ಮೇಲಿನಲ್ಲೇ ಒಂದು ಗುಂಪು ಕಟ್ಟಿಕೊಂಡು ನಕ್ಷೆಗಳನ್ನು ಹಂಚಿಕೊಳ್ಳತೊಡಗಿದೆವು.

ಹಾಗೆ ನನಗೊಂದು ಹಳೆಯ ಸಣ್ಣ ಯುದ್ಧನೌಕೆಯ ನಕ್ಷೆ ಅಂಚೆಯಲ್ಲಿ ಬಂತು. ಹಡಗನ್ನು ಒಡೆದು ಗುಜರಿಗೆ ಹಾಕಿ ಎಷ್ಟೋ ವರ್ಷಗಳಾಗಿದ್ದವು. ನಕ್ಷೆ ಅಲ್ಲಲ್ಲಿ ನೀರು ಕುಡಿದು ಮಸುಕಾಗಿತ್ತು. ಎಲ್ಲವನ್ನೂ ಹೊಸದಾಗಿ ಬರೆದು ಗುಂಪಿಗೆ ಕೊಡೋಣವೆಂದು, ಒಂದು ಭಾನುವಾರ ಊಟವಾದ ಮೇಲೆ ಟ್ರೇಸಿಂಗ್ ಕಾಗದ ಹಾಸಿಕೊಂಡು ಕೂತೆ. ಹಿಂಭಾಗದ ಕೆಳ ಅಂತಸ್ತನ್ನು ಬರೆಯುತ್ತಿದ್ದಾಗ ಹೆಂಡತಿ ಕಾಫಿ ತಂದಿಟ್ಟಳು. ತಲೆಯೆತ್ತಿ ಎರಡು ಮಾತಾಡಿ ಮತ್ತೆ ಕಾಗದ ನೋಡಿದರೆ, ಬಣ್ಣದ ಉಗ್ರಾಣಕ್ಕೂ ಚುಕ್ಕಾಣಿ ಯಂತ್ರದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಪುಟ್ಟ ಚೌಕ ಬಾಗಿಲು. ಪೆನ್ಸಿಲಿನಲ್ಲಿ, ನನ್ನದೇ ಕೈಬರಹದ ಗೆರೆ. ಬರೆದ ನೆನಪು ಮಾತ್ರ ಇರಲಿಲ್ಲ. ಕೆಳಗಿದ್ದ ಮೂಲ ನಕ್ಷೆಯಲ್ಲಿ ಆ ಜಾಗ ಮಸುಕೂ ಆಗಿರಲಿಲ್ಲ. ಅಲ್ಲಿದ್ದುದು ನೇರ ಗೋಡೆ.

ಅಳಿಸಲು ರಬ್ಬರ್ ತೆಗೆದುಕೊಂಡೆ. ಆದರೆ ಯಾಕೋ, ಅಳಿಸಿದರೆ ತಪ್ಪಾಗುತ್ತದೆ ಅನ್ನಿಸಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಹಾಗೇ ಬಿಟ್ಟೆ. ಕಚೇರಿ ಗೆಳೆಯನೊಬ್ಬನ ಸ್ಕ್ಯಾನರಿನಲ್ಲಿ ತುಂಡು ತುಂಡಾಗಿ ಹಿಡಿದು, ಕೆಳಗೆ ನನ್ನ ಹೆಸರು, ಫೋನ್ ನಂಬರು ಹಾಕಿ ಕಳಿಸಿದೆ. ಗುಂಪಿನವರು ಅದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು. ನಾನು ಮರೆತೂ ಬಿಟ್ಟೆ.

ಎರಡು ವರ್ಷದ ಮೇಲೆ, ನಮ್ಮ ನಗರದ್ದೇ ಇನ್ನೊಂದು ಮೂಲೆಯಾದ ಪೋರೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಹೆಸರು ಮಾಲತಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವರ ತಂದೆ ಅನಂತಯ್ಯ ಆ ಹಡಗಿನಲ್ಲಿ ವೆಲ್ಡರ್ ಆಗಿದ್ದವರಂತೆ. ತನ್ನ ಗಂಡ ಇಂಟರ್‌ನೆಟ್ಟಿನಲ್ಲಿ ಹಡಗಿನ ಹೆಸರು ಹುಡುಕಿ ನಕ್ಷೆಯನ್ನು ಪ್ರಿಂಟ್ ಮಾಡಿ ಕೊಟ್ಟಂದಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ನಿಮ್ಮನ್ನು ನೋಡಲೇಬೇಕು ಅನ್ನುತ್ತಿದ್ದಾರೆ ಎಂದರು.

ಮರುದಿನವೇ ಇಬ್ಬರೂ ಆಟೋದಲ್ಲಿ ಬಂದರು. ಎಪ್ಪತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ಕೂತ ತಕ್ಷಣ ಪ್ರಿಂಟನ್ನು ಬಿಡಿಸಿ, ಆ ಚೌಕದ ಮೇಲೆ ಬೆರಳಿಟ್ಟರು.

"ಸಾರ್, ಈ ಬಾಗಿಲು ನಿಮಗೆ ಯಾರು ಹೇಳಿದ್ದು?"

ನಾನು ಉತ್ತರಿಸುವ ಮೊದಲೇ ಅವರು ಹೇಳತೊಡಗಿದರು. ಒಮ್ಮೆ ನಡುಸಮುದ್ರದಲ್ಲಿ ಚುಕ್ಕಾಣಿ ಯಂತ್ರ ಕೆಟ್ಟಾಗ ರಿಪೇರಿಗೆ ದಾರಿಯಿಲ್ಲದೆ, ಅವರೂ ಪೀಟರ್ ಎಂಬ ಜೊತೆಗಾರನೂ ಸೇರಿ ಆ ಗೋಡೆ ಕೊರೆದು ಬಾಗಿಲು ಮಾಡಿದ್ದರು. ತುರ್ತಿನ ಕೆಲಸ, ಯಾವ ನಕ್ಷೆಗೂ ಏರಲಿಲ್ಲ; ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಅದನ್ನು ಬಳಸಲೂ ಇಲ್ಲ. ಕೆಲವು ತಿಂಗಳ ಮೇಲೆ ಉಗ್ರಾಣಕ್ಕೆ ಬೆಂಕಿ ಬಿದ್ದು ಪೀಟರ್ ಒಳಗೆ ಸಿಕ್ಕಿಕೊಂಡ. ಅನಂತಯ್ಯ ಯಂತ್ರದ ಕೋಣೆಯಿಂದ ಹೊಗೆಯಲ್ಲಿ ಗೋಡೆ ತಡವಿದರು. ಬಾಗಿಲು ಕೈಗೆ ಸಿಗಲೇ ಇಲ್ಲ, ಪೀಟರ್ ಉಳಿಯಲಿಲ್ಲ. ಆಮೇಲೆ, ಅಲ್ಲೊಂದು ಬಾಗಿಲಿತ್ತು ಎಂದಾಗ, ನಕ್ಷೆ ನೋಡಿದವರೆಲ್ಲ ಹೊಗೆ ಕುಡಿದು ಇವರಿಗೆ ಭ್ರಮೆಯಾಗಿದೆ ಎಂದರು. ಬೆಂಕಿಯ ಕಾವಿಗೆ ಆ ಗೋಡೆ ಬಾಗಿ ಸೀಳಿ ಹೋಗಿತ್ತು. ತೋರಿಸಲು ಏನೂ ಉಳಿದಿರಲಿಲ್ಲ.

"ಮೂವತ್ತು ವರ್ಷ ಆಯ್ತು. ಬರ್ತಾ ಬರ್ತಾ ನನಗೇ ಡೌಟು ಬಂತು, ನಾನು ಕೊರೆದಿದ್ದೇ ಸುಳ್ಳೋ ಏನೋ ಅಂತ. ನನ್ನ ಕೈಯನ್ನ ನಾನೇ ನಂಬದ ಹಾಗೆ ಆಯ್ತು. ಆ ಒರಿಜಿನಲ್ ನಕ್ಷೆ ಒಂದ್ಸಲ ತೋರಿಸಿ, ಸಾಕು."

"ಪೋದುಂಪ್ಪಾ," ಸಾಕಪ್ಪಾ ಎಂದು ಮಗಳು ತಮಿಳಿನಲ್ಲಿ ಮೆಲ್ಲಗೆ ತಡೆದರು.

ಹಳೆಯ ನಕ್ಷೆಯಲ್ಲಿ ಬಾಗಿಲಿತ್ತು, ಈಗ ಅದು ಕಳೆದುಹೋಗಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಅವರು ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳೆಂಬ ಮಾತಿನಲ್ಲೇ ಮೂವತ್ತು ವರ್ಷ ನೊಂದ ಮನುಷ್ಯನಿಗೆ ಇನ್ನೊಂದು ಸುಳ್ಳು ಕೊಡಲು ಮನಸ್ಸು ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ, ಮೂಲ ನಕ್ಷೆಯನ್ನೂ ನಾನು ಬರೆದ ಟ್ರೇಸಿಂಗನ್ನೂ ಅಟ್ಟದಿಂದ ಇಳಿಸಿ ಮೇಜಿನ ಮೇಲೆ ಹಾಸಿದೆ.

ಅನಂತಯ್ಯ ಮೂಲ ನಕ್ಷೆಯ ನೇರ ಗೋಡೆಯನ್ನು ಬಹಳ ಹೊತ್ತು ನೋಡಿದರು. ಮುಖ ಬಾಡಿತು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಟ್ರೇಸಿಂಗಿನ ಮೇಲೆ ಬಗ್ಗಿದರು. ಚೌಕದ ಪಕ್ಕದಲ್ಲಿ ಕೂದಲಿನಷ್ಟು ತೆಳ್ಳಗೆ, ಎಡಕ್ಕೆ ತೋರುವ ಒಂದು ಬಾಣದ ಗುರುತಿತ್ತು. ಸ್ಕ್ಯಾನಿನಲ್ಲಿ ಅದು ಬಂದಿರಲಿಲ್ಲ. ನಾನೂ ಅದನ್ನು ಕಂಡದ್ದು ಆಗಲೇ.

"ಎಡಗಡೆಯಿಂದ ತೆರೆಯೋದು," ಎಂದರು ಅನಂತಯ್ಯ. "ಪೀಟರ್ ಎಡಚ. ಹಿಡಿಕೆ ತನಗೆ ಬೇಕಾದ ಹಾಗೆ ಎಡಗಡೆಗೆ ಹಾಕಿಕೊಂಡ. ನಾನು ಆವತ್ತು ಹೊಗೇಲಿ ಹಿಡಿಕೆಗೆ ಬಲಗಡೆಗೇ ತಡವ್ತಾ ಇದ್ದೆ."

ಅಷ್ಟು ಹೇಳಿ ಅವರು ಅತ್ತರು. ನನ್ನ ಹೆಂಡತಿ ನೀರು ತಂದುಕೊಟ್ಟಳು. ಅದು ಸಮಾಧಾನದ ಅಳುವೋ ಸಂಕಟದ್ದೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಹೊರಡುವಾಗ ಎರಡೂ ಕೈಯಿಂದ ನನ್ನ ಬಲಗೈ ಹಿಡಿದು, ಅಂಗೈ ತಿರುಗಿಸಿ ನೋಡಿದರು. ಅವತ್ತಿನಿಂದ ಅಪ್ಪ ಊಟ ಮಾಡುತ್ತಿದ್ದಾರೆ ಎಂದು ವಾರದ ಮೇಲೆ ಮಾಲತಿ ಫೋನಿನಲ್ಲಿ ಹೇಳಿದರು.

ಕೈ ತಾನಾಗಿ ಗೀಚಿತು, ಹೊಂದಿಕೆಯಾದದ್ದು ಕಾಕತಾಳೀಯ ಎಂದು ಬುದ್ಧಿ ಹೇಳುತ್ತದೆ. ಚೌಕಕ್ಕೆ ಆ ಮಾತು ಸಾಕಾಗಬಹುದು. ಬಾಣಕ್ಕೆ ಸಾಲುವುದಿಲ್ಲ.

ಮುಂದೆ ಗುಂಪಿನವನೊಬ್ಬ, ಈ ಬಾಗಿಲು ಬೇರೆ ಯಾವ ನಕ್ಷೆಯಲ್ಲೂ ಇಲ್ಲವಲ್ಲ, ನಿನಗೆ ಆಧಾರ ಯಾವುದು ಎಂದು ಕೇಳಿದ. ಯೋಚಿಸಿ ಬರೆದೆ: ಅದನ್ನು ಕೊರೆದ ಅನಂತಯ್ಯನವರೇ ಆಧಾರ. ಅವನು ಒಪ್ಪಿಕೊಂಡ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಆ ಗೆರೆ ಎಳೆದ ದಿನ ಅನಂತಯ್ಯ ಎಂಬ ಮನುಷ್ಯ ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ.